ನಾರ್ಮಲ್ ಸ್ಕೂಲಿನಿಂದ ಡಯಟ್‌ವರೆಗೆ: ಕೋಲಾರ ಸೀಮೆಯ ಮೇಷ್ಟ್ರುಗಳ ತರಬೇತಿ ಮತ್ತು ಕೇರಿಯ ಮಕ್ಕಳು

1

ದಲಿತ ವಿಮರ್ಶೆ ಅಂದಕೂಡಲೆ ನಾವು ಕಾವ್ಯ, ಕಥೆ, ಆತ್ಮಕಥನಗಳ ಕಡೆ ಹೊರಳುತ್ತೇವೆ. ಅದು ಸಹಜ. ನಮ್ಮ ಸಿಟ್ಟು ಮೊದಲು ಹಾಡಾಗಿ ಬಂತು, ಆಮೇಲೆ ಕಥೆಯಾಯಿತು. ಆದರೆ ಕೇರಿಯ ಮಗುವಿನ ಕೈಗೆ ಎಲ್ಲಕ್ಕಿಂತ ಮೊದಲು ಬೀಳುವ ಪಠ್ಯ ಒಂದನೇ ಕ್ಲಾಸಿನ ಪುಸ್ತಕ. ಅದನ್ನು ತೆರೆಯುವ ಮುಂಚೆಯೇ ಆ ಮಗು ಇನ್ನೊಂದನ್ನು ಓದಿ ಮುಗಿಸಿರುತ್ತದೆ: ಮೇಷ್ಟ್ರ ಮುಖ. ಎಲ್ಲಿ ಕೂರು ಅಂದರು, ಯಾವ ಹೆಸರು ಹಿಡಿದು ಕರೆದರು, ಪೊರಕೆ ಯಾರ ಕೈಗೆ ಕೊಟ್ಟರು, ನೀರಿನ ಕೊಡ ಯಾರು ಮುಟ್ಟಬಹುದು ಅಂದರು, ಇದೆಲ್ಲ ಅಕ್ಷರ ಕಲಿಯುವುದಕ್ಕೆ ಮುಂಚಿನ ಪಾಠ. ಇದನ್ನು ಯಾವ ಪಠ್ಯಪುಸ್ತಕ ಸಮಿತಿಯೂ ಬರೆದಿಲ್ಲ. ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ಆದರೂ ಎಲ್ಲ ಮಕ್ಕಳೂ ಪಾಸಾಗಿಬಿಡುತ್ತಾರೆ!

ಈ ಮೇಷ್ಟ್ರನ್ನು ತಯಾರು ಮಾಡಿದವರು ಯಾರು? ಅವರಿಗೆ ಏನು ಕಲಿಸಿದರು, ಏನು ಕಲಿಸದೆ ಬಿಟ್ಟರು? ಈ ಪ್ರಶ್ನೆಯನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನೆಲದಲ್ಲಿ ನಿಂತು ಕೇಳಬೇಕು ಅನ್ನಿಸುತ್ತದೆ. ಯಾಕೆ ಈ ನೆಲ? 2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯ 15,36,401 ಜನರಲ್ಲಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಜಾತಿಯವರು. ಕರ್ನಾಟಕದ ಬೇರೆ ಯಾವ ಜಿಲ್ಲೆಯಲ್ಲೂ ಈ ಪ್ರಮಾಣ ಇಷ್ಟಿಲ್ಲ. ಶಿಕ್ಷಕರ ತರಬೇತಿ ಕೇರಿಯನ್ನು ಕಂಡಿದೆಯಾ ಇಲ್ಲವಾ ಅನ್ನುವುದನ್ನು ಇಲ್ಲಿ ಪರೀಕ್ಷೆ ಮಾಡದೆ ಇನ್ನೆಲ್ಲಿ ಮಾಡೋಣ?

2

ಮೈಸೂರು ಸಂಸ್ಥಾನದ ಹಳ್ಳಿ ಶಾಲೆಗಳ ಚರಿತ್ರೆ ಬರೆಯುವವರು 1868ರಿಂದ ಶುರು ಮಾಡುತ್ತಾರೆ. ಆ ವರ್ಷ ಬೆಂಜಮಿನ್ ಲೂಯಿಸ್ ರೈಸ್ ಹೋಬಳಿ ಶಾಲೆಗಳ ಯೋಜನೆ ತಂದರು. ಹೋಬಳಿಗೊಂದು ಶಾಲೆ, ಅದಕ್ಕೆ ಆ ಕಡೆಯವನೇ ಆದ ಮೇಷ್ಟ್ರು, ಆ ಮೇಷ್ಟ್ರಿಗೆ ನಾರ್ಮಲ್ ಸ್ಕೂಲಿನಲ್ಲಿ ತರಬೇತಿ. ಊರಲ್ಲಿ ಆಗಲೇ ಕೂಲಿಮಠ ನಡೆಸುತ್ತಿದ್ದ ಐಗಳನ್ನು ಬಿಟ್ಟು ಹೊಸಬರನ್ನು ಎಲ್ಲಿಂದ ತರುವುದು? ಓದು ಬರಹ ಬಲ್ಲವರು ಎಂದರೆ ಓದು ಬರಹ ಯಾರ ಸೊತ್ತಾಗಿತ್ತೋ ಅವರೇ. ಹೀಗಾಗಿ ಸರ್ಕಾರಿ ಶಾಲೆಯ ಕುರ್ಚಿಗೆ ಬಂದವರು ಬಹುಮಟ್ಟಿಗೆ ಹಳೆಯ ಜಗಲಿಯಿಂದಲೇ ಎದ್ದು ಬಂದವರು. ನಾರ್ಮಲ್ ಸ್ಕೂಲು ಅವರಿಗೆ ಲೆಕ್ಕ, ಭೂಗೋಳ, ಹಾಜರಿ ಪುಸ್ತಕ ಕಲಿಸಿತು. ಅವರ ಮಡಿಯನ್ನು ಮುಟ್ಟುವ ಗೋಜಿಗೆ ಹೋಗಲಿಲ್ಲ. ಮಡಿಯನ್ನೂ ‘ನಾರ್ಮಲ್’ ಅಂತಲೇ ಎಣಿಸಿಬಿಟ್ಟಿತು.

ಇದೇ ರೈಸ್ ನಮಗೆ ಶಾಸನಗಳ ರೈಸ್. ಎಪಿಗ್ರಾಫಿಯ ಕರ್ನಾಟಿಕದ 10ನೇ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಬಂತು. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಎಂದು ತಾಲ್ಲೂಕುವಾರು ಕಲ್ಲುಗಳನ್ನು ಓದಿಸಿ ಅಚ್ಚು ಹಾಕಿಸಿದ್ದಾರೆ. ಒಬ್ಬನೇ ಮನುಷ್ಯ ಈ ಸೀಮೆಯ ಕಲ್ಲಿನ ಅಕ್ಷರಕ್ಕೂ ಶಾಲೆಯ ಅಕ್ಷರಕ್ಕೂ ಲೆಕ್ಕ ಬರೆದದ್ದು ಸಣ್ಣ ಕೆಲಸವಲ್ಲ. ಆದರೆ ಕಲ್ಲಿನಲ್ಲಿ ದಾನ ಕೊಟ್ಟವರ ಹೆಸರಿದೆ, ದಾನ ಪಡೆದವರ ಹೆಸರಿದೆ. ದಾನವಾದ ಗದ್ದೆಯನ್ನು ಉತ್ತವರ ಹೆಸರು ಹುಡುಕಬೇಕು. ಶಾಲೆಯ ಲೆಕ್ಕವೂ ಹೆಚ್ಚುಕಡಿಮೆ ಹಾಗೇ ಆಯಿತು.

ಇಲ್ಲಿ ಒಂದು ಚಾರಿತ್ರಿಕ ಸಂಗತಿಯನ್ನು ಗಮನಿಸಬೇಕು. 1882ರ ಹಂಟರ್ ಶಿಕ್ಷಣ ಆಯೋಗಕ್ಕೆ ಕಾರ್ಯದರ್ಶಿಯಾಗಿ ಹೋದವರು ಇದೇ ಲೂಯಿಸ್ ರೈಸ್. ಅದೇ ಆಯೋಗದ ಮುಂದೆ ಆ ವರ್ಷ ಅಕ್ಟೋಬರ್ 19ರ ತಾರೀಕಿನ ಒಂದು ಹೇಳಿಕೆ ಪುಣೆಯಿಂದ ಬಂತು. ಬರೆದವರು ಜೋತಿಬಾ ಫುಲೆ. ರೈತರು ಕಟ್ಟಿದ ಕಂದಾಯದಲ್ಲಿ ಮೇಲಿನವರ ಮಕ್ಕಳು ಓದುತ್ತಿದ್ದಾರೆ ಅಂತ ಫುಲೆ ಲೆಕ್ಕ ಹಿಡಿದು ಕೇಳಿದರು. ಪ್ರಾಥಮಿಕ ಶಾಲೆಯ ಮೇಷ್ಟ್ರು ತರಬೇತಿ ಪಡೆದಿರಬೇಕು, ಸಾಧ್ಯವಾದಷ್ಟೂ ದುಡಿಯುವ ಜಾತಿಗಳಿಂದ ಬಂದಿರಬೇಕು, ನೇಗಿಲು ಹಿಡಿಯಲು ನಾಚದವನಾಗಿರಬೇಕು, ಜನರ ಜೊತೆ ಬೆರೆಯುವವನಾಗಿರಬೇಕು ಅಂದರು. ಪಾಠಗಳಲ್ಲಿ ಬೇಸಾಯ, ಆರೋಗ್ಯ, ವ್ಯವಹಾರದ ಲೆಕ್ಕ ಇರಲಿ ಅಂದರು. ಮಹಾರ್, ಮಾಂಗ್ ಮಕ್ಕಳನ್ನು ಶಾಲೆಯೊಳಗೆ ಕೂರಲು ಬಿಡುತ್ತಿಲ್ಲ ಅನ್ನುವುದನ್ನೂ ದಾಖಲೆ ಮಾಡಿದರು.

ನನ್ನ ಮಟ್ಟಿಗೆ ಇದು ಇಂಡಿಯಾದ ಶಿಕ್ಷಕರ ತರಬೇತಿಯ ಬಗೆಗಿನ ಮೊದಲ ದಲಿತ-ಶೂದ್ರ ವಿಮರ್ಶೆ. ಇದರಲ್ಲಿ ಮೇಷ್ಟ್ರ ಆಯ್ಕೆ, ತರಬೇತಿ, ಪಠ್ಯಕ್ರಮ ಮೂರನ್ನೂ ಒಂದೇ ಗಂಟು ಹಾಕಿ ನೋಡಲಾಗಿದೆ. ಆಮೇಲೆ ಬಂದ ಸಂಶೋಧನೆಗಳು ಈ ಗಂಟು ಬಿಚ್ಚಿ ಮೂರನ್ನೂ ಮೂರು ಇಲಾಖೆಗಳಿಗೆ ಹಂಚಿಬಿಟ್ಟವು. ಆಯ್ಕೆ ಒಬ್ಬರಿಗೆ, ತರಬೇತಿ ಇನ್ನೊಬ್ಬರಿಗೆ, ಪುಸ್ತಕ ಮತ್ತೊಬ್ಬರಿಗೆ. ಕೇರಿ ಯಾರ ಇಲಾಖೆಗೂ ಬರಲಿಲ್ಲ.

3

ಸರ್ಕಾರಿ ಶಾಲೆಯ ಬಾಗಿಲಲ್ಲಿ ನಿಂತ ಈ ಮಕ್ಕಳಿಗೆ ಬೇರೆ ಬಾಗಿಲು ತೆರೆದದ್ದು ಎಲ್ಲಿ? ಕೋಲಾರದಲ್ಲಿ ಒಂದು ಬಾಗಿಲು ತೆರೆದದ್ದು ಬರ. 1876ರಿಂದ 78ರವರೆಗಿನ ಬರದಲ್ಲಿ ಅನಾಥರಾದ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬ ಮಿಷನರಿ ಹೆಣ್ಣುಮಗಳು ಕೋಲಾರದಲ್ಲಿ ಸಾಕಿದರು. 1890ರಲ್ಲಿ ಆ ಕೆಲಸ ಅಮೆರಿಕದ ಮೆಥಡಿಸ್ಟ್ ಮಿಷನ್ನಿನ ಕೈಗೆ ಹೋಯಿತು. ಮತಾಂತರದ ಲೆಕ್ಕ ಏನೇ ಇರಲಿ, ಅದನ್ನು ಬೇರೆಯಾಗಿ ಚರ್ಚೆ ಮಾಡೋಣ. ಹಸಿದ ಮಗುವಿಗೆ ಮೊದಲು ಗಂಜಿ, ಆಮೇಲೆ ಅಕ್ಷರ ಎಂಬ ಸರಳ ತಿಳಿವಳಿಕೆ ಸರ್ಕಾರಕ್ಕೆ ಬಿಸಿಯೂಟವಾಗಿ ಹೊಳೆಯುವುದಕ್ಕೆ ಇಪ್ಪತ್ತೊಂದನೇ ಶತಮಾನ ಬರಬೇಕಾಯಿತು.

ಇನ್ನೊಂದು ಬಾಗಿಲು ಚಿನ್ನದ ಗಣಿಯದು. ಇದನ್ನು ಕೇರಿಯವರೇ ತೆರೆದುಕೊಂಡರು. ಉತ್ತರ ಆರ್ಕಾಟಿನಿಂದ ಕೆ.ಜಿ.ಎಫ್.ಗೆ ಇಳಿದ ತಮಿಳು ದಲಿತರು ಪಾತಾಳದಲ್ಲಿ ಬಂಡೆ ಒಡೆಯುತ್ತಲೇ ಮೇಲೆ ಸಂಘ ಕಟ್ಟಿದರು. ಪಂಡಿತ ಅಯೋತಿದಾಸರ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂ, ಚಾಂಪಿಯನ್ ರೀಫ್‌ನಲ್ಲಿ ಬೇರುಬಿಟ್ಟವು. 1907ರಲ್ಲಿ ಮದ್ರಾಸಿನಲ್ಲಿ ಶುರುವಾದ ಅವರ ‘ತಮಿಳನ್’ ಪತ್ರಿಕೆ, 1914ರಲ್ಲಿ ಅವರು ತೀರಿಹೋದ ಮೇಲೆ, ಮುಂದೆ ಇದೇ ಗಣಿಯೂರಿನಿಂದ ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಹೊರಬಂತು. ಪತ್ರಿಕೆ, ಪ್ರೆಸ್ಸು, ಭಾನುವಾರದ ಭಾಷಣ, ರಾತ್ರಿಯ ಓದು: ಇದು ಪರ್ಯಾಯ ಪಠ್ಯಕ್ರಮ. ಇಲ್ಲಿ ಕಲಿಸುವವನೂ ಕಲಿಯುವವನೂ ಒಂದೇ ಲೈನುಮನೆಯವರು. ಕಲಿಸುವವನಿಗೆ ಕಲಿಯುವವನ ಮೈಲಿಗೆ ತಾಗುವ ಭಯವಿಲ್ಲ. ಯಾವ ನಾರ್ಮಲ್ ಸ್ಕೂಲೂ ಕೊಡದ ತರಬೇತಿ ಅದು. ಮಾಲೂರು, ಮುಳಬಾಗಿಲಿನ ಕೇರಿಗಳು ಇಲ್ಲಿಂದ ದೂರವೇನಿಲ್ಲ. ಆದರೆ ಗಣಿಯಲ್ಲಿ ಕೈಗೆ ಸಂಬಳ ಬರುತ್ತಿತ್ತು, ಹಳ್ಳಿಯಲ್ಲಿ ಗೌಡನ ಜೀತ. ಸಂಬಳ ಇದ್ದಲ್ಲಿ ಪ್ರೆಸ್ಸು ಬಂತು. ಜೀತ ಇದ್ದಲ್ಲಿ ಸ್ಲೇಟೂ ಬರಲಿಲ್ಲ.

ಸಂಸ್ಥಾನವೇನೂ ಸುಮ್ಮನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಪಕ್ಕದ ಚಿತ್ತೂರಿನ ಕಟ್ಟಮಂಚಿಯವರಾದ ಸಿ.ಆರ್. ರೆಡ್ಡಿ ವಿದ್ಯಾಭ್ಯಾಸ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದಾಗ ಸಾರ್ವಜನಿಕ ಶಾಲೆಗಳನ್ನು ಪಂಚಮರ ಮಕ್ಕಳಿಗೂ ತೆರೆಯಬೇಕೆಂಬ ನಿಲುವು ತೆಗೆದುಕೊಂಡು, ಮೇಲ್ಜಾತಿಗಳ ವಿರೋಧವನ್ನೂ ಕಟ್ಟಿಕೊಂಡರು. ಆದೇಶ ಹೊರಟಿತು. ಆದರೆ ಆದೇಶವನ್ನು ಶಾಲೆಯ ಹೊಸ್ತಿಲಲ್ಲಿ ನಿಂತು ಓದಬೇಕಾದವನು ಮೇಷ್ಟ್ರು. ಮಗುವನ್ನು ಒಳಗೆ ಬಿಡು ಅನ್ನುವ ಕಾಗದ ಅವನ ಕೈಗೆ ಬಂತು. ಒಳಗೆ ಬಿಟ್ಟಮೇಲೆ ಆ ಮಗುವಿನ ಜೊತೆ ಹೇಗಿರಬೇಕು ಅನ್ನುವುದಕ್ಕೆ ಯಾವ ಕಾಗದವೂ ಬರಲಿಲ್ಲ. ಶಾಲೆಯ ಒಳಗೆ ಒಂದು ಮೂಲೆ ಹುಟ್ಟಿದ್ದು ಹೀಗೆ.

4

ಸ್ವಾತಂತ್ರ್ಯ ಬಂತು. ಸಂವಿಧಾನ ರಚನಾ ಸಭೆಯಲ್ಲಿ ಮೈಸೂರಿನ ಕಡೆಯಿಂದ ಕೂತವರಲ್ಲಿ ಟಿ. ಚನ್ನಯ್ಯ ಒಬ್ಬರು. ಕೋಲಾರದ ರಂಗಮಂದಿರಕ್ಕೆ ಅವರ ಹೆಸರಿದೆ. ಆ ರಂಗಮಂದಿರದಲ್ಲಿ ಶಿಕ್ಷಕರ ದಿನಾಚರಣೆಗೆ ಕೂತ ಮೇಷ್ಟ್ರುಗಳಲ್ಲಿ ಎಷ್ಟು ಜನಕ್ಕೆ ಚನ್ನಯ್ಯ ಯಾರು ಅಂತ ಗೊತ್ತು, ಕೇಳಿ ನೋಡಿ. ಮಾಲೂರು ಸೀಮೆಯ ಮಾಸ್ತಿ, ಮುಳಬಾಗಿಲಿನ ಡಿ.ವಿ.ಜಿ. ನಮ್ಮ ಮಕ್ಕಳಿಗೆ ಪಾಠವಾಗಿ ಬಂದಿದ್ದಾರೆ. ಬರಲಿ, ದೊಡ್ಡವರು. ನಮ್ಮೂರ ಹೆಸರು ಪುಸ್ತಕದಲ್ಲಿ ಕಂಡರೆ ಯಾವ ಮಗುವಿಗೂ ಖುಷಿಯೇ. ಆದರೆ ಅದೇ ಮಾಲೂರಿನ, ಅದೇ ಮುಳಬಾಗಿಲಿನ ಕೇರಿಗೆ ಒಂದು ಚರಿತ್ರೆ ಇದೆ, ಚಳವಳಿ ಇದೆ ಎಂದು ಮೇಷ್ಟ್ರಿಗೆ ಯಾರು ಹೇಳಿಕೊಟ್ಟರು?

ಟಿ.ಸಿ.ಎಚ್. ಕಾಲದ ತರಬೇತಿಯನ್ನೇ ನೋಡಿ. ಬಹುಕಾಲದವರೆಗೆ ಶಿಕ್ಷಣ ಚಿಂತಕರ ಪಟ್ಟಿ ಎಂದರೆ ರೂಸೋ, ಫ್ರೊಬೆಲ್, ಮಾಂಟೆಸ್ಸೊರಿ, ಡ್ಯೂಯಿ, ಗಾಂಧಿ, ಟ್ಯಾಗೋರ್, ವಿವೇಕಾನಂದ. ಡ್ಯೂಯಿಯ ಹೆಸರನ್ನು ಬಾಯಿಪಾಠ ಮಾಡಿ ಮೇಷ್ಟ್ರಾದವರು ಸಾವಿರಾರು ಮಂದಿ. ಆ ಡ್ಯೂಯಿ ಕೊಲಂಬಿಯಾದಲ್ಲಿ ಪಾಠ ಹೇಳಿದ ಒಬ್ಬ ವಿದ್ಯಾರ್ಥಿ 1913ರಿಂದ 16ರವರೆಗೆ ಅಲ್ಲಿದ್ದು, ಮುಂದೆ 1936ರಲ್ಲಿ ಜಾತಿವಿನಾಶದ ಬಗ್ಗೆ ಬರೆಯುವಾಗ ಗುರುವಿನ ಮಾತನ್ನು ಈ ದೇಶದ ಮೈಮೇಲೆ ಪ್ರಯೋಗಿಸಿ ನೋಡಿದರು. ಅವರೇ ಅಂಬೇಡ್ಕರ್. ಗುರು ಪಟ್ಟಿಯಲ್ಲಿದ್ದಾರೆ, ಶಿಷ್ಯ ಇಲ್ಲ! ಅಂಬೇಡ್ಕರ್ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಸಂವಿಧಾನದ ಪಾಠಕ್ಕೆ ಬಂದರು, ಗೋಡೆಯ ಫೋಟೋಗೆ ಬಂದರು. ಮೇಷ್ಟ್ರಿಗೆ ಮೇಷ್ಟ್ರಾಗಿ ಬರಲಿಲ್ಲ. ಫುಲೆ, ಸಾವಿತ್ರಿಬಾಯಿಯವರ ಪಾಡೂ ಅಷ್ಟೇ. ಈಚಿನ ವರ್ಷಗಳಲ್ಲಿ ಈ ಹೆಸರುಗಳು ಅಲ್ಲಲ್ಲಿ ಕಾಣುತ್ತಿವೆ. ಅದು ಯಾರ ಕೃಪೆಯೂ ಅಲ್ಲ, ಚಳವಳಿ ದುಡಿದು ತಂದದ್ದು.

ಯಾಕೆಂದರೆ ನಡುವೆ ದಲಿತ ಸಂಘರ್ಷ ಸಮಿತಿ ಬಂದಿತ್ತು. 1973ರ ಬೂಸಾ ಗಲಾಟೆ ಆದದ್ದು ಯಾವ ಪ್ರಶ್ನೆಗೆ? ಕೇರಿಯವರು ಓದುವ ಸಾಹಿತ್ಯದಲ್ಲಿ ಅವರಿಗೆ ಬೇಕಾದ ಕಾಳು ಎಷ್ಟಿದೆ ಅನ್ನುವ ಪ್ರಶ್ನೆಗೆ. ಅದು ಪಠ್ಯಕ್ರಮದ ಪ್ರಶ್ನೆಯೇ ತಾನೆ? ಆ ಕಿಚ್ಚಿನಿಂದ ಎದ್ದ ದಸಂಸವನ್ನು ಕಟ್ಟಿದ ಬಿ. ಕೃಷ್ಣಪ್ಪ ಭದ್ರಾವತಿಯ ಕಾಲೇಜು ಮೇಷ್ಟ್ರು. ಹಾಸ್ಟೆಲ್ ಹುಡುಗರು, ಸ್ಕೂಲ್ ಮೇಷ್ಟ್ರುಗಳು, ಕಾಲೇಜು ಅಧ್ಯಾಪಕರು ಈ ಸಂಘಟನೆಯ ಬೆನ್ನೆಲುಬು. ಅಧ್ಯಯನ ಶಿಬಿರ, ಬೀದಿ ನಾಟಕ, ತಮಟೆ, ಹಾಡು, ರಾತ್ರಿಯೆಲ್ಲಾ ಚರ್ಚೆ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಈ ಹಾಡುಗಳು ಮಾಡಿದ ಪಾಠವನ್ನು ಯಾವ ಪುನಶ್ಚೇತನ ಶಿಬಿರವೂ ಮಾಡಿಲ್ಲ. ಚಳವಳಿ ಕಲಿಸಿದ್ದನ್ನು ತರಬೇತಿ ಸಂಸ್ಥೆ ಕಲಿಯಲಿಲ್ಲ, ಅಷ್ಟೇ.

5

1986ರ ರಾಷ್ಟ್ರೀಯ ಶಿಕ್ಷಣ ನೀತಿ ಆದಮೇಲೆ ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಅಂತ ಆಯಿತು. ನಮ್ಮ ಬಾಯಲ್ಲಿ ಅದು ಡಯಟ್. ಹೊಸ ಮೇಷ್ಟ್ರುಗಳನ್ನು ತಯಾರು ಮಾಡುವುದು, ಹಳಬರಿಗೆ ತರಬೇತಿ ಕೊಡುವುದು, ಜಿಲ್ಲೆಯ ಶಾಲೆಗಳ ಬಗ್ಗೆ ಸಂಶೋಧನೆ ಮಾಡುವುದು ಅದರ ಕೆಲಸ. ಕೋಲಾರಕ್ಕೂ ಡಯಟ್ ಬಂತು. ಆಮೇಲೆ 1994ರಲ್ಲಿ ಶುರುವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ, ಡಿ.ಪಿ.ಇ.ಪಿ., ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆರಿಸಿದ್ದು ನಾಲ್ಕೇ ಜಿಲ್ಲೆ: ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ವಿಶ್ವಬ್ಯಾಂಕಿನ ದುಡ್ಡು ಬಂತು, ಕೊಠಡಿ ಎದ್ದವು, ತಾಲ್ಲೂಕಿಗೆ ಸಂಪನ್ಮೂಲ ಕೇಂದ್ರ, ಅದರ ಕೆಳಗೆ ಕ್ಲಸ್ಟರ್ ಬಂದವು. ಗಂಡು ಹೆಣ್ಣಿನ ನಡುವೆ, ಜಾತಿ ಜಾತಿಗಳ ನಡುವೆ, ದಾಖಲಾತಿಯಲ್ಲೂ ಕಲಿಕೆಯಲ್ಲೂ ಇರುವ ಅಂತರವನ್ನು ನೂರಕ್ಕೆ ಐದಕ್ಕಿಂತ ಕೆಳಗೆ ಇಳಿಸಬೇಕು ಅನ್ನುವುದು ಯೋಜನೆಯ ಗುರಿಗಳಲ್ಲಿ ಒಂದು.

ಒಳ್ಳೆಯ ಗುರಿ. ಅಂತರ ಅಳೆಯುವುದು ಗೊತ್ತಾಯಿತು. ಅಂತರ ಹುಟ್ಟುವುದು ಎಲ್ಲಿ ಅನ್ನುವುದನ್ನು ಅಳೆಯುವ ಕೋಲು ಯಾರ ಕೈಲೂ ಇರಲಿಲ್ಲ. ಮಗು ಶಾಲೆ ಬಿಟ್ಟರೆ ಕಾರಣದ ಕಾಲಂನಲ್ಲಿ ಬಡತನ, ವಲಸೆ, ತಂದೆತಾಯಿಯ ಅಜ್ಞಾನ ಅಂತ ಬರೆಯುವುದು ರೂಢಿ. ಶಾಲೆಯೇ ಮಗುವನ್ನು ಬಿಟ್ಟಿತು ಅಂತ ಬರೆಯಲು ಕಾಲಂ ಇಲ್ಲ. ತರಬೇತಿಯಲ್ಲಿ ಮೇಷ್ಟ್ರುಗಳು ಮಾಡುವ ‘ಕ್ರಿಯಾ ಸಂಶೋಧನೆ’ಯ ವಿಷಯಗಳು ಸಾಮಾನ್ಯವಾಗಿ ಯಾವುವು? ಕಾಗುಣಿತದ ತಪ್ಪು, ಮಗ್ಗಿ ಬಾರದಿರುವುದು, ಗೈರುಹಾಜರಿ. ಎಲ್ಲದರಲ್ಲೂ ದೋಷ ಮಗುವಿನದು, ಔಷಧ ಮೇಷ್ಟ್ರದು.

ಇನ್ನು ಭಾಷೆ. ಇದು ಗಡಿ ಸೀಮೆ. ಕೋಲಾರಮ್ಮನ ಗುಡಿಯ ಚೋಳರ ಶಾಸನಗಳು ತಮಿಳಿನಲ್ಲಿವೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಕೇರಿಗಳ ಮನೆಮಾತು ತೆಲುಗು. ಒಂದನೇ ಕ್ಲಾಸಿನಲ್ಲಿ ಬೆಕ್ಕಿನ ಚಿತ್ರ ತೋರಿಸಿದರೆ ಮಗು ‘ಪಿಲ್ಲಿ’ ಅನ್ನುತ್ತದೆ. ಆ ಮಗುವಿಗೆ ಬೆಕ್ಕು ಗೊತ್ತು, ಬೆಕ್ಕಿನ ಹೆಸರೂ ಗೊತ್ತು. ಆದರೂ ಉತ್ತರ ತಪ್ಪು. ಕೇರಿ ಬಿಟ್ಟು ಊರೊಳಗೆ ಬಂದದ್ದಕ್ಕೆ ಒಂದು ದಂಡ, ತೆಲುಗು ಬಿಟ್ಟು ಕನ್ನಡಕ್ಕೆ ಬರುವುದಕ್ಕೆ ಇನ್ನೊಂದು. ಗೋಕಾಕ್ ವರದಿಯ ಕಾಲದಿಂದ ಕನ್ನಡದ ಹಕ್ಕಿನ ಬಗ್ಗೆ ನಾವು ಮಾತಾಡಿದ್ದೇವೆ, ಅದು ಬೇಕಾದದ್ದೇ. ಆದರೆ ತೆಲುಗು ಮನೆಯ ಮಗುವನ್ನು ಅವಮಾನ ಮಾಡದೆ ಕನ್ನಡಕ್ಕೆ ಕರೆತರುವುದು ಹೇಗೆ ಅನ್ನುವ ಪಾಠ ಗಡಿ ಜಿಲ್ಲೆಯ ತರಬೇತಿಯ ಮೊದಲ ಪಾಠ ಆಗಬೇಕಿತ್ತು.

ಇಲ್ಲೊಂದು ತಮಾಷೆಯಿದೆ. ಶ್ರೀನಿವಾಸಪುರದ ಗಡಿ ದಾಟಿದರೆ ಮದನಪಲ್ಲಿ. ಅದರ ಪಕ್ಕದ ರಿಷಿ ವ್ಯಾಲಿಯವರು ಹಳ್ಳಿಯ ಪುಟ್ಟ ಶಾಲೆಗಳಿಗಾಗಿ ಕಾರ್ಡುಗಳ ಪದ್ಧತಿ ರೂಪಿಸಿದರು. ಅದನ್ನು ನೋಡಿ ಬಂದ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು 1995ರಲ್ಲಿ ‘ನಲಿ-ಕಲಿ’ ಕಟ್ಟಿದರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿತು. ಪಕ್ಕದ ಮನೆಯಿಂದ ಬರಬೇಕಾದ ಬೆಂಕಿ ಊರೆಲ್ಲ ಸುತ್ತಿ ಶ್ರೀನಿವಾಸಪುರಕ್ಕೆ ಬಂತು! ಇರಲಿ. ಈ ಪದ್ಧತಿಯಲ್ಲಿ ನಮಗೆ ಬೇಕಾದ ಒಂದು ಗುಣವಿದೆ. ಬೆಂಚಿನ ಸಾಲು ಒಡೆದು ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಮಾವಿನ ಸುಗ್ಗಿಯಲ್ಲಿ ಅಪ್ಪ ಅಮ್ಮನ ಜೊತೆ ತೋಪಿಗೆ ಹೋಗಿ ವಾರ ಬಿಟ್ಟು ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ಹಿಂದಿನ ಸಾಲು ಅಂತಲೇ ಇಲ್ಲದ ಕ್ಲಾಸು ಎಷ್ಟು ದೊಡ್ಡ ಸಂಗತಿ ಅನ್ನುವುದು ಹಿಂದಿನ ಸಾಲಿನಲ್ಲಿ ಕೂತವರಿಗೆ ಗೊತ್ತು. ಆದರೆ ತರಬೇತಿಯಲ್ಲಿ ಇದನ್ನು ಕಲಿಕೆಯ ವೇಗದ ವಿಷಯವಾಗಿ ಹೇಳಿಕೊಡುತ್ತಾರೆಯೇ ಹೊರತು ಮುಟ್ಟುವ, ಜೊತೆಗೆ ಕೂರುವ ವಿಷಯವಾಗಿ ಅಲ್ಲ.

6

ತರಬೇತಿಯಲ್ಲಿ ಹೇಳಿಕೊಡದ ಪಾಠ ಏನಾಗುತ್ತದೆ? ಮೂರು ಘಟನೆಗಳನ್ನು ನೋಡಿ. ಮೂರೂ ಪತ್ರಿಕೆಗಳಲ್ಲಿ ಬಂದವು.

2015, ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿಯ ಸರ್ಕಾರಿ ಶಾಲೆ. ಬಿಸಿಯೂಟ ಮಾಡುವಾಕೆ ದಲಿತ ಹೆಣ್ಣುಮಗಳು. ಆಕೆ ಬಡಿಸಿದ್ದನ್ನು ಉಣ್ಣುವುದಿಲ್ಲ ಅಂತ ಶುರುವಾಗಿ, 118 ಮಕ್ಕಳಿದ್ದ ಶಾಲೆಯಿಂದ ನೂರರಷ್ಟು ಮಕ್ಕಳು ಹೊರಟುಹೋದರೆಂದು ವರದಿಯಾಯಿತು.

2022ರ ಸೆಪ್ಟೆಂಬರ್, ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. ಹೈಸ್ಕೂಲು ಓದುವ ದಲಿತ ಹುಡುಗ ದೇವರ ಮೆರವಣಿಗೆಯ ಕೋಲು ಮುಟ್ಟಿದ ಅಂತ ಆ ಮನೆಗೆ 60,000 ರೂಪಾಯಿ ದಂಡ ಹಾಕಿದರು. ಅಸ್ಪೃಶ್ಯತೆ ರದ್ದಾಗಿದೆ ಅನ್ನುವ ಸಂವಿಧಾನದ 17ನೇ ವಿಧಿ ಆ ಹುಡುಗನ ಪಠ್ಯದಲ್ಲಿದೆ. ದಂಡ ಹಾಕಿದವರ ಮಕ್ಕಳ ಪಠ್ಯದಲ್ಲೂ ಇದೆ. ಆ ಮನೆಯವರು ದೇವರ ಪಟ ತೆಗೆದು ಅಂಬೇಡ್ಕರ್ ಪಟ ಇಟ್ಟರು. ಶಾಲೆ ಮಾಡದ ಪಾಠವನ್ನು ಆ ಗೋಡೆ ಮಾಡಿತು.

2023ರ ಡಿಸೆಂಬರ್, ಮಾಲೂರು ತಾಲ್ಲೂಕಿನದೇ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆ. ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ ಸುದ್ದಿ ಹೊರಬಂತು. ದೌರ್ಜನ್ಯ ತಡೆ ಕಾಯಿದೆಯ ಕೆಳಗೆ ಪ್ರಕರಣ ದಾಖಲಾಗಿ, ಪ್ರಾಂಶುಪಾಲರು ಮತ್ತು ಒಬ್ಬ ಶಿಕ್ಷಕರ ಬಂಧನವಾಯಿತು. ಕೈಯಿಂದ ಮಲ ಬಳಿಸುವುದರ ವಿರುದ್ಧ 2013ರಲ್ಲೇ ಎರಡನೇ ಸಲ ಕಾನೂನು ಬಂದಿತ್ತು. ಇಂಥ ಶಾಲೆಯಲ್ಲಿ ಮೇಷ್ಟ್ರಾಗಲು ಬಿ.ಎಡ್. ಬೇಕು. ಅಂದರೆ ಬಾಲ್ಯ ಮನೋವಿಜ್ಞಾನ ಓದಿರಬೇಕು, ಪಾಠ ಯೋಜನೆ ಬರೆದಿರಬೇಕು, ಪ್ರಾಯೋಗಿಕ ಬೋಧನೆ ಮಾಡಿರಬೇಕು.

ಒಬ್ಬಿಬ್ಬರ ದುಷ್ಟತನ ಅಂತ ಇದನ್ನು ಮುಗಿಸಬಹುದು. ಕೋರ್ಟಿಗೆ ಅಷ್ಟು ಸಾಕು. ಸಂಶೋಧನೆಗೆ ಸಾಲದು. ಗುಂಡಿ ಕಟ್ಟಿಕೊಂಡಾಗ ಯಾರನ್ನು ಕರೆಯಬೇಕು ಅನ್ನುವುದು ಒಂದು ತರಬೇತಿ ಪಡೆದ ಮನಸ್ಸಿಗೆ ತಾನಾಗಿಯೇ ಹೊಳೆಯುತ್ತದಲ್ಲ, ಆ ಹೊಳಹು ಎಲ್ಲಿಂದ ಬಂತು? ಅದೂ ಕಲಿತದ್ದೇ. ಕಲಿತದ್ದನ್ನು ಮರೆಸುವುದೂ ತರಬೇತಿಯ ಕೆಲಸ ಆಗಬೇಕಲ್ಲವೇ?

7

ಪಠ್ಯಪುಸ್ತಕದ ಜಗಳ ನಮಗೆ ಚೆನ್ನಾಗಿ ಗೊತ್ತು. ಬರಗೂರು ಸಮಿತಿ ಪರಿಷ್ಕರಿಸಿದ್ದನ್ನು 2022ರಲ್ಲಿ ಇನ್ನೊಂದು ಸಮಿತಿ ತಿದ್ದಿತು. ಅಂಬೇಡ್ಕರರಿಗಿದ್ದ ‘ಸಂವಿಧಾನ ಶಿಲ್ಪಿ’ ಎಂಬ ಮಾತು ಬಿಟ್ಟುಹೋಗಿ ಗಲಾಟೆಯಾಯಿತು. ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆದರು. 2023ರಲ್ಲಿ ಸರ್ಕಾರ ಬದಲಾಗಿ ಮತ್ತೆ ತಿದ್ದುಪಡಿ ಬಂತು. ಈ ಜಗಳ ಬೇಕು, ಇದನ್ನು ಬಿಡಬಾರದು. ಆದರೆ ಅಚ್ಚಾದ ಪಾಠಕ್ಕೆ ಬೀದಿಗಿಳಿಯುವ ನಾವು, ಅದೇ ಪಾಠವನ್ನು ಮಾಡುವ ಮೇಷ್ಟ್ರು ಹೇಗೆ ತಯಾರಾಗುತ್ತಾರೆ ಅನ್ನುವುದಕ್ಕೆ ಒಂದು ಸಭೆಯನ್ನೂ ಕರೆದವರಲ್ಲ. ಅಂಬೇಡ್ಕರ್ ಪಾಠವನ್ನು ಕೇರಿಯ ಮಕ್ಕಳ ಕಡೆ ಓರೆಗಣ್ಣಲ್ಲಿ ನೋಡುತ್ತಾ ಮಾಡಿದರೆ, ಅದೇ ಪಾಠ ಕ್ಲಾಸಿನಲ್ಲಿ ಜಾತಿ ಪತ್ತೆ ಹಚ್ಚುವ ಸಾಧನವಾಗುತ್ತದೆ. ಎಷ್ಟು ಮಕ್ಕಳು ಆ ಪಿರಿಯಡ್ಡಿನಲ್ಲಿ ತಲೆ ತಗ್ಗಿಸಿ ಕೂತಿಲ್ಲ?

ಆದ್ದರಿಂದ ಈ ನಾಲ್ಕು ತಾಲ್ಲೂಕಿನ ಗೆಳೆಯರ ಮುಂದೆ, ಡಿ.ಎಡ್., ಬಿ.ಎಡ್. ಓದುತ್ತಿರುವ ತಮ್ಮ ತಂಗಿಯರ ಮುಂದೆ, ಮೂರು ಕೆಲಸ ಇಡುತ್ತೇನೆ.

ಒಂದು, ಪ್ರಾಯೋಗಿಕ ಬೋಧನೆಗೆ ಶಾಲೆಗೆ ಹೋದಾಗ ಪಾಠ ಯೋಜನೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಬರೆದಿಡಿ. ಕಸ ಯಾರು ಗುಡಿಸಿದರು? ನೀರು ಯಾರು ತಂದರು? ಯಾರು ಎಲ್ಲಿ ಕೂತರು? ಶೌಚಾಲಯ ಯಾರು ತೊಳೆದರು? ಮಕ್ಕಳ ಹೆಸರು ಬೇಡ. ಊರು ಕೇರಿ ಅಂತ ಗುರುತಿಸಿದರೆ ಸಾಕು. ನೂರು ಶಾಲೆಯ ನೂರು ಹಾಳೆ ಕೂಡಿದರೆ ಅದೇ ದೊಡ್ಡ ಆಕರ. ಯಾವ ವಿಶ್ವವಿದ್ಯಾಲಯದ ಹಂಗೂ ಬೇಡ.

ಎರಡು, ಸಿದ್ಧಲಿಂಗಯ್ಯನವರ ‘ಊರು ಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಂಥ ಆತ್ಮಕಥನಗಳ ಶಾಲೆಯ ಭಾಗಗಳನ್ನು ತರಬೇತಿಯ ಪಠ್ಯವಾಗಿ ಓದಿಸಿ ಅಂತ ಡಯಟ್‌ಗಳನ್ನು ಕೇಳೋಣ. ಬಾಲ್ಯ ಮನೋವಿಜ್ಞಾನಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪುಸ್ತಕ ಬೇಕೆ? ನಮ್ಮ ವಿಮರ್ಶಕರು ಇವುಗಳ ಭಾಷೆ, ಶೈಲಿ, ವ್ಯಂಗ್ಯದ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಇವುಗಳ ಒಳಗಿನ ಮೇಷ್ಟ್ರನ್ನು ಓದುವ ಕೆಲಸ ಬಾಕಿಯಿದೆ.

ಮೂರು, ಕೇರಿಯ ಮೊದಲ ತಲೆಮಾರಿನ ಮೇಷ್ಟ್ರು, ಮೇಡಮ್ಮುಗಳು ಈಗ ನಿವೃತ್ತರಾಗುತ್ತಿದ್ದಾರೆ. ಊರಿನಲ್ಲಿ ಬಾಡಿಗೆ ಮನೆ ಸಿಗದೆ ಹತ್ತಾರು ಮೈಲಿ ಸೈಕಲ್ ತುಳಿದವರು, ಸ್ಟಾಫ್ ರೂಮಿನಲ್ಲಿ ಬೇರೆ ಲೋಟ ಕಂಡವರು, ಆದರೂ ಎಲ್ಲ ಜಾತಿಯ ಮಕ್ಕಳಿಗೂ ಕಾಗುಣಿತ ತಿದ್ದಿದವರು. ಅವರು ಹೇಳುವುದನ್ನು ಬರೆದುಕೊಳ್ಳಿ, ರೆಕಾರ್ಡ್ ಮಾಡಿಕೊಳ್ಳಿ. ಫುಲೆ 1882ರಲ್ಲಿ ಕೇಳಿದ ಮೇಷ್ಟ್ರು ಇವರೇ. ಇವರು ಬಂದಮೇಲೆ ಕ್ಲಾಸಿನ ಒಳಗೆ ಏನು ಬದಲಾಯಿತು, ಏನು ಬದಲಾಗಲಿಲ್ಲ ಅನ್ನುವುದು ಇವರ ನೆನಪಿನಲ್ಲಿ ಮಾತ್ರ ಇದೆ. ಅದನ್ನು ಕಾಗದಕ್ಕೆ ಇಳಿಸಲು ಹೆಚ್ಚು ವರ್ಷಗಳ ಸಮಯ ನಮಗಿಲ್ಲ. ಮುಂದಿನ ಬೇಸಿಗೆ ರಜೆಯಲ್ಲೇ ಶುರು ಮಾಡಬಹುದು.